ಬೇವಿನ ಎಲೆಯೊಳಗಿನ ಚಂದಾ ಕಾರ್ಡು

ನಮ್ಮ ಕಾಲೇಜಿನ ಸ್ಟೋರಿನ ಅಲ್ಮಾರಿಯನ್ನು ಹೊಸ ಕೋಣೆಗೆ ಸಾಗಿಸುವಾಗ, ಸೀರೆ ಅಂಗಡಿಯ ಒಂದು ಪ್ಲಾಸ್ಟಿಕ್ ಚೀಲ ಕೈಗೆ ಬಂತು. ಒಳಗೆ ಒಣಗಿ ಪುಡಿಯಾದ ಬೇವಿನ ಎಲೆ. ಎಲೆಗಳ ನಡುವೆ ಅಂಗೈಯಷ್ಟು ಅಗಲದ, ಇನ್ನೂ ಬಿಚ್ಚದ ಒಂದು ಲಕೋಟೆ. ರೇಷ್ಮೆ ಸೀರೆಗೆ ಹುಳ ಹತ್ತದಿರಲಿ ಎಂದು ಬೇವಿನ ಎಲೆ ಇಡುವುದನ್ನು ನೀವೂ ನೋಡಿರುತ್ತೀರಿ. ಲಿನಕ್ಸ್ ಸರ್ವರಿನ ಲೈಸೆನ್ಸಿಗೆ ಇಟ್ಟದ್ದನ್ನು ನಾನು ಮೊದಲ ಸಲ ನೋಡಿದೆ. ಯಾರ ಕೆಲಸ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಶರಣಮ್ಮ ಅಕ್ಕ.

ಶರಣಮ್ಮ ಅಕ್ಕ ನಮ್ಮ ಸೇಡಂ ಕಾಲೇಜಿನ ಆಫೀಸಿನವರು. ಸ್ಟೋರಿನ ಕೀಲಿಕೈ, ವಿದ್ಯಾರ್ಥಿಗಳ ಅಂಕ, ಪ್ರವೇಶದ ಕೆಲಸ ಎಲ್ಲ ಅವರದೇ. ನಾನು ಕಂಪ್ಯೂಟರ್ ಪಾಠ ಮಾಡುತ್ತೇನೆ, ಸರ್ವರ್ ನೋಡಿಕೊಳ್ಳುತ್ತೇನೆ. ಅವರಿಗೂ ನನಗೂ ರಕ್ತಸಂಬಂಧವಿಲ್ಲ. ಆದರೆ ವರ್ಷಗಟ್ಟಲೆ ಒಂದೇ ಕೋಣೆಯಲ್ಲಿ ಕೂತು, ಒಂದೇ ಡಬ್ಬಿಯ ರೊಟ್ಟಿ ಹರಿದು ತಿಂದ ಮೇಲೆ ಅಕ್ಕ ಅನ್ನದೆ ಬೇರೇನು ಅನ್ನುವುದು? ಆ ಕೋಣೆಯ ಮೇಲ್ಛಾವಣಿ ಬಿದ್ದ ದಿನದಿಂದ ಅವರು ರಜೆಯಲ್ಲಿದ್ದಾರೆ, ಚಿಂಚೋಳಿಯಲ್ಲಿ ಹಿರಿಯಕ್ಕನ ಮನೆಯಲ್ಲಿ. ಈ ತಿಂಗಳ ಕೊನೆಗೆ ರಜೆ ಮುಗಿಯುತ್ತದೆ. ಬರುತ್ತಾರೋ, ಕೆಲಸ ಬಿಟ್ಟೇ ಬಿಡುತ್ತಾರೋ ಎಂಬುದು ಕಾಲೇಜಿನಲ್ಲಿ ಯಾರಿಗೂ ಗೊತ್ತಿಲ್ಲ. ಬರಲಿ ಎಂದು ಎಲ್ಲರಿಗಿಂತ ಹೆಚ್ಚು ಕಾಯುತ್ತಿರುವವನು ನಾನು. ಅದಕ್ಕೇ ಲಕೋಟೆಯೊಳಗಿನ ಈ ಕಾರ್ಡು ಸಿಕ್ಕಾಗ, ಕಳೆದುಹೋದ ಬಸ್ಸಿನ ಟಿಕೇಟು ಸಿಕ್ಕವನ ಹಾಗೆ ಹಿಗ್ಗಿದೆ.

ಕಾರ್ಡು ಏನೆಂದು ಹೇಳಿಬಿಡುತ್ತೇನೆ. ಲಿನಕ್ಸ್ ಎನ್ನುವುದು ಕಂಪ್ಯೂಟರ್ ನಡೆಸುವ ಒಂದು ವ್ಯವಸ್ಥೆ, ಪುಕ್ಕಟೆಯಾಗಿಯೂ ಸಿಗುತ್ತದೆ. ಆದರೆ ದೊಡ್ಡ ಸರ್ವರುಗಳಿಗೆ ಕಾಲಕಾಲಕ್ಕೆ ದುರಸ್ತಿ ಕಳಿಸುವವರು ಬೇಕು, ಕೆಟ್ಟಾಗ ಫೋನ್ ಎತ್ತುವವರು ಬೇಕು. ಆ ಆರೈಕೆಗೆ ಕಂಪನಿಯವರು ಚಂದಾ ತೆಗೆದುಕೊಳ್ಳುತ್ತಾರೆ. ಚಂದಾದಾರ ಎನ್ನುವುದಕ್ಕೆ ಗುರುತಾಗಿ ಒಂದು ಸಂಖ್ಯೆ ಕೊಡುತ್ತಾರೆ. ನಮ್ಮ ಸರ್ವರ್ ಕೊಂಡಾಗ ಆ ಸಂಖ್ಯೆ ಈ ಲಕೋಟೆಯಲ್ಲಿ ಬಂದಿತ್ತು.

ಸರ್ವರ್ ಹೈದರಾಬಾದಿನಿಂದ ಬಂದ ದಿನ ನಮ್ಮಲ್ಲಿ ರಸ್ತೆ ಅಗೆಯುವಾಗ ಇಂಟರ್ನೆಟ್ಟಿನ ತಂತಿ ಕಡಿದು ಹಾಕಿದ್ದರು. ಜೋಡಿಸಲು ಬಂದ ಆಳಿಗೆ ಸಂಜೆಯ ಬಸ್ಸು ಹಿಡಿಯುವ ಅವಸರ. ತನ್ನ ಬಳಿ ಇದ್ದ ಪುಕ್ಕಟೆ ಲಿನಕ್ಸ್ ಹಾಕಿ, ಲಕೋಟೆಯನ್ನು ನನ್ನ ಕೈಗಿಟ್ಟು, ಲೈನು ಸರಿಯಾದಾಗ ನೋಂದಾಯಿಸಿಕೊಳ್ಳಿ ಎಂದು ಹೇಳಿ ಹೊರಟುಹೋದ. ಲೈನು ಸರಿಯಾಯಿತು. ನಾನು ಲಕೋಟೆ ಬಿಚ್ಚಲು ಹೊರಟೆ. ಎದುರಿಗೆ ಕೂತಿದ್ದ ಅಕ್ಕ ತಡೆದರು.

“ಹಿಂದ ಸಣ್ಣ ಅಕ್ಷರದಾಗ ಏನೋ ಬರದದ, ಓದು ತಮ್ಮಾ.”

ನೋಂದಾಯಿಸಿದ ದಿನದಿಂದ ಅವಧಿ ಆರಂಭವಾಗುತ್ತದೆ ಎಂದಿತ್ತು. ಓದಿ ಹೇಳಿದೆ.

“ಅಂದ್ರ ಇವತ್ತ ತೆಗದ್ರ ಇವತ್ತಿಂದನ ಖರ್ಚ ಆಗ್ಲಿಕ್ಕ ಸುರು. ತೆಗಿಲಿಲ್ಲಂದ್ರ?”

“ಹಂಗೇ ಇರ್ತದ.”

“ಮತ್ತ ಇರ್ಲಿ ಬಿಡು. ಪುಕ್ಕಟ್ಟೆದು ಚಲೋ ನಡದದಲ್ಲ. ಅದು ಹದಗೆಟ್ಟಾಗ ಇದನ್ನ ತೆಗದ್ರಾಯ್ತು.”

ಲಕೋಟೆ ಅವರ ಅಲ್ಮಾರಿ ಸೇರಿತು. ನಾನು ವಾದ ಮಾಡಲಿಲ್ಲ. ಯಾಕೆಂದರೆ ಆ ತರ್ಕದಲ್ಲೇ ನಾನು ಬೆಳೆದವನು.

ನನ್ನದು ವಾಡಿ. ಅಪ್ಪ ರೈಲ್ವೆ ಗೂಡ್ಸ್ ಆಫೀಸಿನಲ್ಲಿದ್ದರು. ನಮ್ಮ ಮನೆಯಲ್ಲಿ ವಸ್ತುಗಳು ಎರಡು ಜಾತಿ. ಬಳಸುವವು, ಇಡುವವು. ಬಳಸುವವು ಯಾವಾಗಲೂ ಹಳೆಯವು. ಇಡುವವು ಯಾವಾಗಲೂ ಹೊಸವು. ಸೊಲ್ಲಾಪುರದ ಚಾದರು ಟ್ರಂಕಿನಲ್ಲಿ, ಹರಿದ ಚಾದರು ನಮ್ಮ ಮೇಲೆ. ಹೊಸ ಥರ್ಮಾಸು ಅದರ ಹೂವಿನ ಚೀಟಿಯೊಂದಿಗೆ ಗೋಡೆಯ ಗೂಡಿನಲ್ಲಿ ನಿಂತಿರುತ್ತಿತ್ತು, ಅವ್ವ ಆಸ್ಪತ್ರೆಗೆ ಸೇರಿದಾಗ ಗಂಜಿ ತುಂಬಿಕೊಂಡು ಹೋದದ್ದು ಪಕ್ಕದ ಮನೆಯವರ ಥರ್ಮಾಸಿನಲ್ಲಿ. ನಮ್ಮದನ್ನು ಯಾಕೆ ಒಯ್ಯಲಿಲ್ಲ ಎಂದು ಕೇಳಿದರೆ, ಆಸ್ಪತ್ರೆಗೆ ಹೊಸದು ಯಾರಾದರೂ ಒಯ್ಯುತ್ತಾರೇನು ಎಂದು ಅವ್ವನೇ ಮಂಚದ ಮೇಲಿಂದ ಬೈದಳು.

ಅಪ್ಪನ ಬೂಟಿನ ಕಥೆ ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಯಾರದೋ ಕೈಯಲ್ಲಿ ಮುಂಬೈಯಿಂದ ತರಿಸಿದ ಕರಿಯ ಬೂಟು. ಡಬ್ಬಿಯಲ್ಲಿ, ತೆಳುವಾದ ಕಾಗದದಲ್ಲಿ ಸುತ್ತಿ ವರ್ಷಗಟ್ಟಲೆ ಮಲಗಿತ್ತು. ಹಬ್ಬ ಬಂದರೆ ಅಪ್ಪ ಡಬ್ಬಿ ತೆಗೆದು ಬಟ್ಟೆಯಿಂದ ಒರೆಸಿ ಮತ್ತೆ ಮಲಗಿಸುತ್ತಿದ್ದರು. ಕೊನೆಗೆ ಶಹಾಬಾದದಲ್ಲಿ ಅತ್ತೆಯ ಮಗಳ ಮದುವೆ ಬಂತು. ಅಪ್ಪ ಬೂಟು ಹಾಕಿಕೊಂಡು ಗತ್ತಿನಿಂದ ರೈಲು ಇಳಿದರು. ಪ್ಲಾಟ್‌ಫಾರ್ಮಿನ ಮೇಲೆ ನಾನು ಅವರ ಹಿಂದೆ. ನೋಡುತ್ತೇನೆ, ಅಪ್ಪ ನಡೆದ ದಾರಿಯುದ್ದಕ್ಕೂ ಕರಿಯ ತುಣುಕುಗಳು ಬಿದ್ದಿವೆ. ಬಳಸದೆ ಇಟ್ಟ ಅಟ್ಟೆ ಒಳಗೊಳಗೇ ಹುಡಿಯಾಗಿತ್ತು. ಮಂಟಪ ಮುಟ್ಟುವಾಗ ಮೇಲೆ ಬೂಟು, ಕೆಳಗೆ ಅಪ್ಪನ ಕಾಲುಚೀಲ. ಅಪ್ಪ ಯಾರಿಗೂ ಹೇಳದೆ ಅಕ್ಕಿಕಾಳು ಬೀಳುವ ತನಕ ನಿಂತೇ ಇದ್ದರು. ಕೂತರೆ ಪಾದ ಕಾಣುತ್ತದಲ್ಲ.

ಅಕ್ಕನಿಗೆ ಈ ಕಥೆ ಹೇಳಿದ್ದೆ. ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ನಕ್ಕು ಮುಗಿದ ಮೇಲೆ, ಬೂಟಿಗೆ ಬೇವಿನ ಎಲೆ ಹಾಕಿರಲಿಲ್ಲವೇ ಎಂದು ಕೇಳಿದ್ದರು. ಅವರ ಕುರ್ಚಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆ ಕುರ್ಚಿ ಬಂದ ದಿನದಿಂದ ತೆಗೆದಿರಲಿಲ್ಲ. ಬೇಸಿಗೆಯಲ್ಲಿ ಬೆನ್ನಿಗೆ ಅಂಟಿ, ಎದ್ದಾಗ ಪರಪರ ಸದ್ದು ಮಾಡುತ್ತಿತ್ತು. ನನಗೆ ಇದ್ದದ್ದು ಒಂದು ಕಬ್ಬಿಣದ ಸ್ಟೂಲು. ಆದರೆ ಚಹಾದ ಹೊತ್ತಿಗೆ ಬೇರೆ ಪದ್ಧತಿ. ನಾನು ಪಾಠ ಮುಗಿಸಿ, ಹೊರಗಿನಿಂದ ಎರಡು ಗ್ಲಾಸು ಚಹಾ ಹಿಡಿದು ಬರುತ್ತಿದ್ದೆ. ಅಕ್ಕ ಎದ್ದು ಕುರ್ಚಿಯನ್ನು ನನ್ನ ಕಡೆಗೆ ತಳ್ಳಿ, ತಾವು ಕಿಟಕಿಯ ಬಳಿ ನಿಂತು ಕುಡಿಯುತ್ತಿದ್ದರು. ಅವರಿಗೆ ಕೂತು ಕೂತು ಸೊಂಟ ಹಿಡಿದಿರುತ್ತಿತ್ತು, ನನಗೆ ನಿಂತು ನಿಂತು ಕಾಲು.

ಊಟದ ಹೊತ್ತಿಗೆ ನನ್ನ ಡಬ್ಬಿಯನ್ನು ಅವರೇ ಮೊದಲು ತೆರೆಯುತ್ತಿದ್ದರು. ಒಂಟಿ ಗಂಡಸಿನ ಅಡಿಗೆಯ ಮೇಲೆ ಟೀಕೆ ಮಾಡುವುದು ತಮ್ಮ ಹಕ್ಕು ಎಂದು ತಿಳಿದಿದ್ದರು. “ಈ ಬದ್ನಿಕಾಯಿ ಕುದ್ದು ಸತ್ತಾವೇನು, ಮುಳುಗಿ ಸತ್ತಾವೇನು?” ಎಂದು ಕೇಳಿ, ತಮ್ಮ ಡಬ್ಬಿಯ ಶೇಂಗಾ ಹಿಂಡಿಯನ್ನು, ಅದೇ ಚಟ್ನಿಪುಡಿಯನ್ನು, ನನ್ನ ರೊಟ್ಟಿಯ ಮೇಲೆ ಸುರಿಯುತ್ತಿದ್ದರು.

ಆ ಕೋಣೆ ತಂಪಾಗಿರಲು ಸರ್ವರೇ ಕಾರಣ. ಅದಕ್ಕಾಗಿ ಎ.ಸಿ. ಹಾಕಿಸಿದ್ದರು. ನೆಪ ಸರ್ವರಿನದು, ತಂಪು ನಮ್ಮದು. ಹೋದ ಬೇಸಿಗೆಯಲ್ಲಿ ಎ.ಸಿ. ಕೆಟ್ಟಿತು. ಹೊಸದಕ್ಕೆ ಅರ್ಜಿ ಕೊಟ್ಟೆವು, ಅರ್ಜಿ ಎಲ್ಲೋ ತಂಪಾಗಿ ಕೂತಿತು. ನಮ್ಮ ಕಡೆಯ ಬೇಸಿಗೆ ನಿಮಗೆ ಹೇಳಬೇಕಾಗಿಲ್ಲ. ಸರ್ವರ್ ಬಿಸಿಯೇರಿ ತಾನೇ ಬಂದ್ ಆಗತೊಡಗಿತು. ಆಗ ಅಕ್ಕ ಒಂದು ಮಾತು ಹೇಳಿದರು. ಅವರದು ಕುರಕುಂಟಾ. ಅಲ್ಲಿ ಅವರ ತವರಿನದು ಮಣ್ಣಿನ ಮಾಳಿಗೆಯ ಮನೆ, ಎಂಥ ಬಿಸಿಲಿಗೂ ಒಳಗೆ ತಂಪು. ನಮ್ಮ ಕೋಣೆಯ ಮೇಲೂ ಬಿಳಿಮಣ್ಣು ಹಾಕಿಸಿ, ಗೋಣಿಚೀಲ ಹಾಸಿ, ಬೆಳಿಗ್ಗೆ ಸಂಜೆ ನೀರು ಚಿಮುಕಿಸಿದರಾಯಿತು. ಪ್ರಿನ್ಸಿಪಾಲರಿಗೆ ಹಿಡಿಸಿತು, ಅವರೂ ಮಣ್ಣಿನ ಮಾಳಿಗೆಯ ಕೆಳಗೆ ಹುಟ್ಟಿದವರೇ. ನನಗೂ ಹಿಡಿಸಿತು. ಒಂದು ಟ್ರ್ಯಾಕ್ಟರ್ ಮಣ್ಣು ಬಂತು. ಎರಡೇ ದಿನದಲ್ಲಿ ಕೋಣೆ ತಂಪಾಯಿತು. ಸರ್ವರ್ ಬಂದ್ ಆಗುವುದು ನಿಂತಿತು. ಪ್ರಿನ್ಸಿಪಾಲರು ಬಂದವರಿಗೆಲ್ಲ ತೋರಿಸಿ, ಎ.ಸಿ. ಇಲ್ಲದೆ ನಡೆಯುವ ಸರ್ವರ್ ರೂಮು ಜಿಲ್ಲೆಗೆ ಇದೊಂದೇ ಎಂದು ಹೇಳುತ್ತಿದ್ದರು.

ಊರಿನ ಮಾಳಿಗೆಯ ಕೆಳಗೆ ಗೇಣಿಗೊಂದರಂತೆ ಮರದ ಜಂತಿ ಇರುತ್ತದೆ. ನಮ್ಮ ಕೋಣೆಯಲ್ಲಿದ್ದದ್ದು ದೂರ ದೂರ ಇಟ್ಟ ಕಬ್ಬಿಣದ ಗರ್ಡರ್, ಅವುಗಳ ಮೇಲೆ ಶಹಾಬಾದಿನ ಫರಸಿ ಕಲ್ಲು. ಆ ಕಲ್ಲು ತನ್ನ ಭಾರ ತಾನು ಹೊರುತ್ತದೆ, ಮನುಷ್ಯ ನಡೆದರೂ ತಡೆಯುತ್ತದೆ. ಒಣ ಮಣ್ಣನ್ನೂ ಹೊತ್ತಿತು. ಮಿರಗದ ಮಳೆ, ಮುಂಗಾರಿನ ಮೊದಲ ದೊಡ್ಡ ಮಳೆ, ಬಂತು. ರಾತ್ರಿಯೆಲ್ಲ ಸುರಿಯಿತು, ಮಣ್ಣು ನೀರು ಕುಡಿದು ಭಾರವಾಯಿತು. ಮರುದಿನ ಹೊಳೆಯುವ ಬಿಸಿಲು.

ಅಂದು ಕಂಡದ್ದನ್ನು ಎಷ್ಟು ಸಲ ಕಂಡಿದ್ದೇನೋ. ಕೈಯಲ್ಲಿ ಎರಡು ಗ್ಲಾಸು ಚಹಾ ಹಿಡಿದು ಹೊಸ್ತಿಲ ಬಳಿ ಬಂದೆ. ಅಕ್ಕ ಕುರ್ಚಿಯಲ್ಲಿದ್ದಾರೆ. ಅವರ ತಲೆಯ ಮೇಲಿಂದ ಬಿಳಿಯ ಧೂಳು, ಜರಡಿಯಿಂದ ಹಿಟ್ಟು ಇಳಿದ ಹಾಗೆ, ಸಣ್ಣ ಎಳೆಯಾಗಿ ಇಳಿಯುತ್ತಿದೆ. ಬಾಗಿಲಿನ ಬಿಸಿಲು ಬಿದ್ದು ಅದು ಚೆಂದವಾಗಿಯೇ ಕಾಣುತ್ತಿತ್ತು. ಅಕ್ಕನ ಹೆಗಲ ಮೇಲೆ ಬಿತ್ತು. ಅವರು ಹೆಗಲು ನೋಡಿಕೊಂಡರು, ನನ್ನನ್ನು ನೋಡಿದರು, ಎದ್ದರು. ಪ್ಲಾಸ್ಟಿಕ್ ಪರಪರ ಅಂದಿತು. ಕುರ್ಚಿಯನ್ನು ಎಂದಿನಂತೆ ನನ್ನ ಕಡೆಗೆ ತಳ್ಳಿ, ಸೆರಗು ಝಾಡಿಸುತ್ತ ಕಿಟಕಿಯ ಕಡೆ ಹೋದರು. ಒಂದು ಗ್ಲಾಸು ನನ್ನ ಬೆರಳು ಸುಡುತ್ತಿತ್ತು. ಕೈ ಬದಲಿಸಲು ಹೊಸ್ತಿಲಲ್ಲೇ ನಿಂತೆ.

ಸದ್ದು ದೊಡ್ಡದಿರಲಿಲ್ಲ. ಒದ್ದೆ ಮಣ್ಣು ಸದ್ದನ್ನು ನುಂಗಿತ್ತು. ಕಣ್ಣು ಬಿಟ್ಟಾಗ ಕುರ್ಚಿ ಇದ್ದಲ್ಲಿ ಕಲ್ಲಿತ್ತು, ಕಲ್ಲಿನ ಮೇಲೆ ಮಣ್ಣು, ಮಣ್ಣಿನ ಮೇಲೆ ಬಿಸಿಲು. ಕಿಟಕಿಯ ಬಳಿ ಅಕ್ಕ ತಲೆಯಿಂದ ಕಾಲಿನ ತನಕ ಬೆಳ್ಳಗಾಗಿ ನಿಂತಿದ್ದರು. ಸೆರಗು ಝಾಡಿಸುತ್ತಲೇ ಇದ್ದರು. ಯಾರೋ ಬಂದು ಕೈ ಹಿಡಿದು ಹೊರಗೆ ಕರೆದುಕೊಂಡು ಹೋಗುವ ತನಕ ಝಾಡಿಸುತ್ತಲೇ ಇದ್ದರು.

ಯಾರಿಗೂ ಗಾಯವಾಗಲಿಲ್ಲ. ಗೋಡೆಯ ಪಕ್ಕದ ಕಬ್ಬಿಣದ ಮೇಜಿನ ಕೆಳಗಿದ್ದ ಸರ್ವರಿಗೂ ಏನೂ ಆಗಲಿಲ್ಲ. ದೊಡ್ಡದು ತಪ್ಪಿತು ಎಂದು ಎಲ್ಲರೂ ಹೇಳಿದರು. ತಪ್ಪಿದ್ದು ಹೋಗಿಬಿಡುತ್ತದೆ ಎಂದು ನಾನೂ ತಿಳಿದಿದ್ದೆ. ಅದು ನನ್ನ ಜೊತೆ ವಾಡಿಗೆ ರೈಲು ಹತ್ತಿತು. ಅಕ್ಕ ಇನ್ನೊಂದು ಗಳಿಗೆ ಕೂತಿದ್ದರೆ, ಧೂಳನ್ನು ಲೆಕ್ಕಿಸದ ಹೆಂಗಸಾಗಿದ್ದರೆ, ನಾನು ಚಹಾ ತರುವುದು ತಡವಾಗಿದ್ದರೆ ಎಂದು ಚಿತ್ತಾಪುರ ದಾಟುವ ತನಕ ಒಂದೇ ಯೋಚನೆ. ಈಗ ಯಾವ ಮನೆಗೆ ಹೋದರೂ ಮೊದಲು ಮೇಲೆ ನೋಡುತ್ತೇನೆ. ಹೋಟೆಲ್ಲಿನಲ್ಲಿ ತೊಲೆಯ ಕೆಳಗಿನ ಜಾಗ ಹುಡುಕುತ್ತೇನೆ. ಕ್ಷೌರದಂಗಡಿಯವನು ಬ್ಲೇಡು ಹಿಡಿದು, “ಸರ್ರ, ಗದ್ದ ಜರಾ ಕೆಳಗ ಮಾಡ್ರಿ, ಮ್ಯಾಲ ಏನೂ ಇಲ್ಲ” ಅನ್ನುತ್ತಾನೆ. ಮೇಲೆ ಏನೂ ಇಲ್ಲ ಎಂಬುದು ಸಮಾಧಾನದ ಮಾತೋ ಹೆದರಿಕೆಯ ಮಾತೋ ನನಗಂತೂ ತೀರ್ಮಾನವಾಗಿಲ್ಲ.

ಹೊಸ ಕೋಣೆ ಕಾಲೇಜಿನ ಹಿಂಭಾಗದಲ್ಲಿದೆ. ಮೇಲೆ ತಗಡು. ಒಂದು ಹೊಸ ಕುರ್ಚಿಯನ್ನೂ ಅಕ್ಕನಿಗೆಂದು ತಂದಿಟ್ಟಿದ್ದಾರೆ, ಪ್ಲಾಸ್ಟಿಕ್ಕಿನ ಸಮೇತ. ನಾನು ಸ್ಟೂಲಿನ ಮೇಲೆ ಕೂರುತ್ತೇನೆ. ಚಹಾ ತರಲು ಹೋಗಿ ಎರಡು ಎಂದು ಹೇಳಿ, ನೆನಪಾಗಿ ಒಂದು ಎನ್ನುತ್ತೇನೆ. ಡಬ್ಬಿ ತೆರೆದರೆ ಬದನೆಕಾಯಿಯ ಸಾವಿನ ಬಗ್ಗೆ ವಿಚಾರಣೆ ಮಾಡುವವರಿಲ್ಲ. ಮಾತಿಲ್ಲದ ಕೋಣೆಯಲ್ಲಿ ಸರ್ವರಿನ ಫ್ಯಾನು ಇಷ್ಟು ಜೋರಾಗಿ ತಿರುಗುತ್ತದೆ ಎಂದು ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ಅಂಥದ್ದರಲ್ಲಿ ಕಾರ್ಡು ಸಿಕ್ಕಿತು. ಪುಕ್ಕಟೆ ಲಿನಕ್ಸಿಗೆ ದುರಸ್ತಿ ಬರುವುದು ನಿಂತು ಬಹಳ ದಿನವಾಗಿತ್ತು. ಹದಗೆಟ್ಟಾಗ ತೆಗೆದರಾಯಿತು ಎಂದು ಅಕ್ಕ ಹೇಳಿದ್ದರಲ್ಲ, ಆ ದಿನ ಬಂದಿದೆ ಎಂದು ನಾನೇ ತೀರ್ಮಾನಿಸಿದೆ. ನಿಜ ಹೇಳಬೇಕೆಂದರೆ ನನ್ನ ಲೆಕ್ಕ ಬೇರೆಯೇ ಇತ್ತು. ಕಾರ್ಡು ತೆಗೆದೆ ಎಂದರೆ ಅಕ್ಕ ಬೈಯುವುದಕ್ಕಾದರೂ ಬಂದಾರು.

ಮಾಹಿತಿಯನ್ನೆಲ್ಲ ಬೇರೆ ಡಿಸ್ಕಿಗೆ ತೆಗೆದಿಟ್ಟು, ಕಂಪನಿಯ ಲಿನಕ್ಸ್ ಹಾಕಿ, ಲಕೋಟೆ ಬಿಚ್ಚಿ, ಕಾರ್ಡಿನ ಮೇಲಿನ ಬೆಳ್ಳಿ ಬಣ್ಣದ ಪಟ್ಟಿಯನ್ನು ಉಗುರಿನಿಂದ ಕೆರೆದೆ. ಸಂಖ್ಯೆ ಕಾಣಿಸಿತು. ಅವರ ಜಾಲತಾಣದಲ್ಲಿ ಅದನ್ನು ತುಂಬಿದರೆ, ಈ ಸಂಖ್ಯೆ ಒಪ್ಪಲಾಗುತ್ತಿಲ್ಲ, ಸಹಾಯವಾಣಿಗೆ ಫೋನ್ ಮಾಡಿ ಎಂದು ಬಂತು. ಅಪ್ಪನ ಬೂಟು ಕಣ್ಣ ಮುಂದೆ ಬಂತು. ಫೋನ್ ಮಾಡಿದೆ. ಎಲ್ಲಿಂದಲೋ ಒಬ್ಬ ಹುಡುಗಿ ಇಂಗ್ಲಿಷಿನಲ್ಲಿ ವಿನಯದಿಂದ ಮಾತಾಡಿದಳು. ಯಂತ್ರದ ಬೆನ್ನ ಮೇಲಿನ ಸಂಖ್ಯೆ ಓದಿ ಹೇಳಿ ಎಂದಳು. ನೆಲದ ಮೇಲೆ ಮಲಗಿ, ಮೊಬೈಲಿನ ಬೆಳಕು ಬಿಟ್ಟು, ಬಿಳಿಮಣ್ಣು ಒರೆಸಿ ಓದಿದೆ. ಇಷ್ಟು ವರ್ಷ ಯಾಕೆ ನೋಂದಾಯಿಸಲಿಲ್ಲ ಎಂದು ಕೇಳಿದಳು. ‘ಇರ್ಲಿ ಬಿಡು’ ಎನ್ನುವುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? ಪದವಿ ಓದಿದ್ದೆಲ್ಲ ಅಲ್ಲಿಗೆ ಮುಗಿಯಿತು. ಸರ್, ಲೈನಿನಲ್ಲಿದ್ದೀರಾ ಎಂದು ಎರಡು ಸಲ ಕೇಳಿ, ವಿಚಾರಿಸಿ ತಿಳಿಸುತ್ತೇನೆ ಎಂದಳು.

ಮರುದಿನ ಉತ್ತರ ಬಂತು. ಒಮ್ಮೆಯೂ ಬಳಸದ ಸಂಖ್ಯೆಯಾದ್ದರಿಂದ ತೆರೆದುಕೊಟ್ಟಿದ್ದೇವೆ, ಅವಧಿ ನೀವು ಒಪ್ಪಿದ ಕ್ಷಣದಿಂದ ಶುರು. ಕೆಳಗೆ ಎರಡು ಖಾಲಿ ಜಾಗ. ಈ ಸರ್ವರಿನ ಹೊಣೆ ಯಾರದು? ಅವರಿಲ್ಲದಾಗ ಯಾರನ್ನು ಸಂಪರ್ಕಿಸಬೇಕು? ಮೊದಲನೆಯದರಲ್ಲಿ ನನ್ನ ಹೆಸರು ಬರೆದೆ. ಎರಡನೆಯದರ ಮುಂದೆ ಕೈ ನಿಂತಿತು. ಚಿಂಚೋಳಿಗೆ ಫೋನ್ ಹಚ್ಚಿದೆ.

ಅಕ್ಕ ಎತ್ತಿದರು. ಹಿಂದೆ ಕುಕ್ಕರಿನ ಸೀಟಿ ಕೇಳುತ್ತಿತ್ತು. ಆರಾಮ ಇದ್ದೀರೇನು ಎಂದೆ, ಆರಾಮ ಎಂದರು. ಹೋದ ವಾರ ಎಲ್ಲರೂ ಚಂದ್ರಂಪಳ್ಳಿ ಡ್ಯಾಮಿಗೆ ಹೋಗಿದ್ದರಂತೆ, ಬಯಲಿನಲ್ಲಿ ಕೂತು ಉಂಡು ಬಂದರಂತೆ. ಬಯಲಿನಲ್ಲಿ ಎಂಬುದನ್ನು ಒತ್ತಿ ಹೇಳಿದರು. ಕಾರ್ಡು ತೆಗೆದದ್ದನ್ನು ಹೇಳಿದೆ. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ.

“ಮ್ಯಾಲ ಏನದ ಈಗ?” ಎಂದು ಕೇಳಿದರು.

“ತಗಡು. ಹಗೂರ ಅದ ಅಕ್ಕಾ.”

“ಸೆಕಿ?”

“ಭಾಳ. ನಿಮ್ಮ ಕುರ್ಚಿ ಬಂದದ. ಪ್ಲಾಸ್ಟಿಕ್ ತೆಗದಿಲ್ಲ. ಇಲ್ಲಿ ಇನ್ನೊಬ್ಬರ ಹೆಸರು ಕೇಳ್ಲಿಕತ್ತಾರ. ನಿಮ್ಮ ಹೆಸರು ಹಾಕ್ಲೇನು?”

ಕುಕ್ಕರು ಇನ್ನೊಮ್ಮೆ ಕೂಗಿತು.

“ನಾ ಬರೂದಿಲ್ಲ ತಮ್ಮಾ.”

ಹೆದರಬೇಡಿ ಎಂದೆ. ತಗಡು ಬಿದ್ದರೂ ಏನೂ ಆಗುವುದಿಲ್ಲ, ನೀವು ಉಳಿದಿರಿ, ಅದೇ ದೊಡ್ಡದು ಎಂದು ಏನೇನೋ ಹೇಳುತ್ತ ಹೋದೆ. ಅವರು ನಡುವೆಯೇ ತಡೆದರು.

“ನಂದೇನದ ಅದರಾಗ? ನಾ ಎದ್ದು ಹೋಗಿದ್ನಲ್ಲ. ಮಣ್ಣ ಹಾಕ್ರಿ ಅಂದಾಕಿ ನಾನು. ಕುರ್ಚಿ ನಿನ್ನ ಕಡಿ ತಳ್ಳಿದಾಕಿ ನಾನು. ಬಾ ಕುಂದ್ರು ಅಂತ ತಳ್ಳೀನಿ. ನೀ ಬಾಗಿಲ್ದಾಗ ಯಾಕ ನಿಂತಿ ಅನ್ನೂದು ನನಗ ಇನ್ನೂ ಗೊತ್ತಿಲ್ಲ. ಕಣ್ಣ ಮುಚ್ಚಿದ್ರ ನೀ ಬಂದು ಕುಂತಿರ್ತಿ.”

ಇಷ್ಟು ದಿನ ನಾನು ನೋಡುತ್ತಿದ್ದ ಚಿತ್ರದಲ್ಲಿ ಕಲ್ಲಿನ ಕೆಳಗೆ ಇರುತ್ತಿದ್ದವರು ಯಾವಾಗಲೂ ಅಕ್ಕ. ನಾನು ಹೊಸ್ತಿಲಲ್ಲಿ ನಿಂತು ನೋಡಿದವನು, ಅಷ್ಟೇ. ಚಿಂಚೋಳಿಯಲ್ಲಿ ಇನ್ನೊಬ್ಬರು ಅದೇ ಬೆಳಗನ್ನು ನೋಡುತ್ತಿದ್ದಾರೆ, ಅದರಲ್ಲಿ ಕುರ್ಚಿಯ ಮೇಲೆ ನಾನಿದ್ದೇನೆ ಎಂಬುದು ಒಮ್ಮೆಯೂ ಹೊಳೆದಿರಲಿಲ್ಲ.

“ಚಹಾ ಸುಡ್ತಿತ್ತು ಅಕ್ಕಾ,” ಎಂದೆ. “ಕೈ ಬದಲ್ ಮಾಡ್ಲಿಕ್ಕ ನಿಂತಿದ್ದೆ.”

“ಚಹಾ ಸುಡ್ತಿತ್ತಾ,” ಎಂದರು. ನಕ್ಕರೋ ಅತ್ತರೋ, ಲೈನಿನಲ್ಲಿ ಗೊತ್ತಾಗಲಿಲ್ಲ. ಆಮೇಲೆ ಮೂಗು ಒರೆಸಿಕೊಂಡು ಹೇಳಿದರು. “ನನ್ನ ಹೆಸರು ಹಾಕಬ್ಯಾಡ. ಹೊಸಬರು ಯಾರರೆ ಬಂದ್ರ ಅವರದು ಹಾಕು. ಮಶೀನ್ ಸುರು ಮಾಡು. ಆಗೂ ತನಕ ಫೋನ್ ಇಡಬ್ಯಾಡ.”

ಎರಡನೆಯ ಜಾಗವನ್ನು ಖಾಲಿ ಬಿಟ್ಟು ಒಪ್ಪಿಗೆ ಒತ್ತಿದೆ. ಸರ್ವರ್ ಒಮ್ಮೆ ಆರಿ ಮತ್ತೆ ಹತ್ತಬೇಕಿತ್ತು. ಆರಿತು. ಕೋಣೆಯಲ್ಲಿ ಸದ್ದೇ ಇಲ್ಲ. ತಗಡು ಬಿಸಿಲಿಗೆ ಟಕ್ ಅಂದಿತು, ಅಲ್ಲಿ ಅಕ್ಕ ಉಸಿರು ಹಿಡಿದದ್ದು ಕೇಳಿಸಿತು. ಬಳಿಕ ಫ್ಯಾನು ಮೆಲ್ಲಗೆ ಎದ್ದಿತು. ಮೊಬೈಲನ್ನು ಯಂತ್ರದ ಹತ್ತಿರ ಹಿಡಿದೆ. ಇಬ್ಬರೂ ಸುಮ್ಮನೆ ಅದನ್ನು ಕೇಳಿದೆವು. ಪರದೆಯ ಮೇಲೆ ಚಂದಾ ಜಾರಿಯಲ್ಲಿದೆ ಎಂದು ಬಂತು, ಕೊನೆಯ ತಾರೀಖಿನೊಂದಿಗೆ.

“ಸುರು ಆಯ್ತೇನು?”

“ಆಯ್ತಕ್ಕಾ.”

“ಎಂದಿನ ತನಕ ಅದ?”

ಓದಿ ಹೇಳಿದೆ.

“ಖರ್ಚ ಆಗ್ಲಿ ಬಿಡು,” ಎಂದರು. ಫೋನ್ ಇಟ್ಟರು.

ಸ್ಟೂಲಿನಿಂದ ಎದ್ದು ಹೊಸ ಕುರ್ಚಿಯ ಪ್ಲಾಸ್ಟಿಕ್ಕನ್ನು ಹರಿದು ತೆಗೆದೆ. ಬಹಳ ಸದ್ದು ಮಾಡಿತು. ಕೂರುವ ಮೊದಲು ಮೇಲೆ ನೋಡಲಿಲ್ಲ ಎಂದರೆ ಸುಳ್ಳಾಗುತ್ತದೆ. ನೋಡಿದೆ. ಆಮೇಲೆ ಕೂತೆ.